ದಾರಿಯ ಋಣ



ಮಾರ್ಗಶಿರ-ಪುಷ್ಯ ಮಾಸಗಳಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಗಳ ಕರಿಯ ನೆಲದಲ್ಲಿ ತೊಗರಿಯ ರಾಶಿ ನಡೆಯುತ್ತದೆ. ಒಳಹೊಲದವನ ಬಂಡಿಯು ಹೊರಹೊಲದವನ ಬದುವಿನ ಮೇಲೆಯೇ ಹಾಯ್ದು ಬರಬೇಕು. ಆ ಸಮಯಕ್ಕೆ ನೆರೆಯವನು ದಾರಿಗೆ ಜಾಲಿಯ ಮುಳ್ಳು ಹಚ್ಚಿದನೆಂದು ಭಾವಿಸಿರಿ. ರಾಶಿಯು ಕಣದಲ್ಲಿಯೇ ಉಳಿಯುತ್ತದೆ. ತಂದೆ ಹೂಡಿದ ವ್ಯಾಜ್ಯವನ್ನು ಮಗನು ನಡೆಯಿಸುತ್ತಾನೆ. ಶಹಾಬಾದ, ವಾಡಿಗಳ ಓಣಿಗಳಲ್ಲಿ ಇದೇ ಜಗಳವು ಹಾಸುಗಲ್ಲಿನ ಗೋಡೆಯಾಗಿ ಎದ್ದು ನಿಲ್ಲುತ್ತದೆ.

ಮುಳ್ಳು ಹಚ್ಚಿದವನು ಹೇಳುವುದೇನು? "ಇಂದು ಬಿಟ್ಟರೆ ನಾಳೆ ಹಕ್ಕೆನ್ನುತ್ತಾನೆ." ಇದು ಲೋಭಕ್ಕಿಂತ ಭಯದ ಮಾತು. ಆ ಭಯವನ್ನು ಮೊದಲು ವಿಚಾರಿಸೋಣ. ಪರರ ನೆಲದ ಮೇಲಣ ದಾರಿಯನ್ನು ಒಬ್ಬನು 20 ವರ್ಷ ಶಾಂತಿಯಿಂದ, ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂದೇ ಬಳಸಿದರೆ ಅನುಭೋಗದ ಹಕ್ಕು ಹುಟ್ಟುವುದೆಂದು 1882ರ ಅನುಭೋಗ ಹಕ್ಕುಗಳ ಕಾಯಿದೆಯೂ 1963ರ ಕಾಲಮಿತಿ ಕಾಯಿದೆಯೂ ಹೇಳುತ್ತವೆ. ಅನುಮತಿ ಪಡೆದು ನಡೆದವನಿಗೆ ಎಷ್ಟು ಕಾಲ ನಡೆದರೂ ಈ ಬಗೆಯ ಹಕ್ಕು ಹುಟ್ಟದು. ಹುಟ್ಟಿದಲ್ಲಿಯೂ ನಡೆಯುವುದು ಮಾತ್ರ ಅವನದು, ಮಣ್ಣು ಒಡೆಯನದೇ. ದಯೆಯಿಂದ ದಾರಿ ಕೊಟ್ಟವನು ನೆಲ ಕಳೆದುಕೊಳ್ಳುವನೆಂಬುದು ಹುಸಿ. ಪಂಚರ ಮುಂದೆ ಎರಡು ಸಾಲು ಬರೆದಿಟ್ಟರೆ ಉಭಯರಿಗೂ ನಿಶ್ಚಿಂತೆ. ಒಂದೇ ಹೊಲವು ಅಣ್ಣತಮ್ಮಂದಿರಲ್ಲಿ ಪಾಲಾಗಿ, ಒಳಪಾಲಿಗೆ ಬೇರೆ ದಾರಿಯೇ ಇಲ್ಲದಿದ್ದರೆ 20 ವರ್ಷ ಕಾಯಬೇಕಾದುದೂ ಇಲ್ಲ. ಅವಶ್ಯಕತೆಯಿಂದಲೇ ಆ ಹಕ್ಕು ಬರುತ್ತದೆ.

ಇದು ನ್ಯಾಯಾಲಯದ ಮಾತು. ಶರಣಧರ್ಮವು ಇದಕ್ಕೂ ಮುಂದೆ ಹೋಗುತ್ತದೆ. ನೆರೆಯವನ ಬಂಡಿಯನ್ನು ತಡೆದವನು ಅವನ ಕಾಯಕವನ್ನೇ ತಡೆದನು. ಕಾಯಕ ನಿಂತಲ್ಲಿ ದಾಸೋಹವೂ ನಿಂತಿತು; ಆ ಮನೆಗೆ ಬರುವ ಜಂಗಮನ ದಾರಿಯೂ ಮುಚ್ಚಿತು. ಬೆಳಿಗ್ಗೆ ಕರಸ್ಥಲದ ಲಿಂಗಕ್ಕೆ ಪತ್ರೆಯೇರಿಸಿದ ಕೈ ಮಧ್ಯಾಹ್ನ ಮುಳ್ಳುಕಂಟಿಯನ್ನು ಎಳೆಯಬಹುದೇ?

ನಡೆಯುವವನಿಗೂ ಒಂದು ಮಾತು. ಗಾಲಿಯು ಬೆಳೆಯ ಮೇಲೆ ಹಾಯಬಾರದು. ಎತ್ತಿಗೆ ಬಾಯಿಕುಕ್ಕೆ ಕಟ್ಟಬೇಕು. ಟ್ರ್ಯಾಕ್ಟರು ಬಂದಿತೆಂದು ಬಂಡಿದಾರಿಯನ್ನು ತಾನೇ ಅಗಲಿಸಬಾರದು. ಸೌಜನ್ಯದಿಂದ ಕೊಟ್ಟದ್ದನ್ನು ಹಕ್ಕೆಂದು ಸಾಧಿಸಹೋಗುವುದು ಕೃತಘ್ನತೆ. ದಾರಿಯನ್ನೂ ಪ್ರಸಾದದಂತೆ ಸ್ವೀಕರಿಸಬೇಕು.

ಕಾಗಿಣಾ ತೀರದ ಮಳಖೇಡದಿಂದ ರಾಷ್ಟ್ರಕೂಟರು ಮಹಾರಾಜ್ಯವನ್ನು ಆಳಿದರು. 10ನೆಯ ಶತಮಾನದಲ್ಲಿ ಆ ರಾಜ್ಯವು ಅಳಿಯಿತು. ಅವರ ಗಡಿಗಳು ಉಳಿಯಲಿಲ್ಲ, ನೆಲ ಉಳಿಯಿತು. ಅದು ಶಿವನದು. ಪಹಣಿಯಲ್ಲಿ ಯಾರ ಹೆಸರಿದ್ದರೂ ಈ ಭೂಮಿಯ ಮೇಲೆ ನಮಗಿರುವುದು ನಾಲ್ಕು ದಿನದ ಅನುಭೋಗ ಮಾತ್ರ. ಈ ಸುಗ್ಗಿಗೆ ಮುನ್ನ ಮುಳ್ಳು ತೆಗೆಯಿರಿ.