ಮಡಿಯ ವಿಂಗಡಣೆ

ಕನ್ನಡದಲ್ಲಿ ‘ಮಡಿ’ ಎಂಬ ಪದವು ಒಗೆದ ಬಟ್ಟೆಯನ್ನೂ ಆಚಾರಶುದ್ಧಿಯನ್ನೂ ಒಟ್ಟಿಗೆ ಸೂಚಿಸುವುದರಿಂದ, ಬಟ್ಟೆಯನ್ನು ಬೇರ್ಪಡಿಸುವ ಮನೆಗೆಲಸವು ಶುದ್ಧಿ ಎಲ್ಲಿ ನೆಲೆಸಿದೆ ಎಂಬ ತಾತ್ತ್ವಿಕ ಪ್ರಶ್ನೆಯನ್ನು ಒಳಗೊಂಡಿದೆ. ಮನುಸ್ಮೃತಿಯ 5ನೆಯ ಅಧ್ಯಾಯದಲ್ಲಿ ಬರುವ ದ್ರವ್ಯಶುದ್ಧಿ, ಅಂದರೆ ವಸ್ತುಗಳನ್ನು ಶುಚಿಗೊಳಿಸುವ ವಿಧಿ, ರೇಷ್ಮೆ ಮತ್ತು ಉಣ್ಣೆಗೆ ಸವುಳು ಮಣ್ಣನ್ನೂ ಅಗಸೆನಾರಿನ ಬಟ್ಟೆಗೆ ಬಿಳಿ ಸಾಸಿವೆಯನ್ನೂ ಹೇಳುತ್ತದೆ. 8ನೆಯ ಅಧ್ಯಾಯವು ಅಗಸನು ನುಣುಪಾದ ಬೂರುಗದ ಹಲಗೆಯ ಮೇಲೆ ಮೆಲ್ಲಗೆ ಒಗೆಯಬೇಕು, ಒಬ್ಬರ ಬಟ್ಟೆಯೊಡನೆ ಮತ್ತೊಬ್ಬರದನ್ನು ಬೆರೆಸಬಾರದು ಎನ್ನುತ್ತದೆ. ಇಷ್ಟರಮಟ್ಟಿಗೆ ವಿಂಗಡಣೆಯು ನೂಲಿನ ಗುಣವನ್ನೂ ಒಡೆಯನ ಹಕ್ಕನ್ನೂ ಗೌರವಿಸುವ ವಿವೇಕವೇ ಆಗಿದೆ. ಆದರೆ ಆಚರಣೆಯಲ್ಲಿ, ಎತ್ತರದ ಬಿದಿರು ಗಳದ ಮೇಲೆ ಒಣಗಿಸಿ, ಅನ್ಯರ ಕೈ ಸೋಕದಂತೆ ಕೋಲಿನಿಂದ ಇಳಿಸುವ ಮಡಿಪಂಚೆಯ ನಿಯಮವು ಬಟ್ಟೆಯನ್ನು ಬೇರ್ಪಡಿಸುವಲ್ಲಿಗೆ ನಿಲ್ಲದೆ ಮನುಷ್ಯರನ್ನೂ ಬೇರ್ಪಡಿಸಿತು. ಊರಿನ ಕೊಳೆ ಕಳೆದ ಕೈಯೇ ಮೈಲಿಗೆಯೆನಿಸಿತು. 12ನೆಯ ಶತಮಾನದಲ್ಲಿ ಶರಣರ ಬಟ್ಟೆ ಒಗೆಯುವುದನ್ನೇ ಕಾಯಕವಾಗಿ, ಎಂದರೆ ಪೂಜೆಗೆ ಸಮನಾದ ದುಡಿಮೆಯಾಗಿ, ಕೈಗೊಂಡ ಮಡಿವಾಳ ಮಾಚಿದೇವರ ಬದುಕು ಈ ಅನ್ಯಾಯಕ್ಕೆ ಉತ್ತರವಾಗಿ ನಿಲ್ಲುತ್ತದೆ. ಕೊಳೆಯನ್ನು ಮುಟ್ಟಿ, ತಿಕ್ಕಿ, ಹಿಂಡಿ ಕಳೆಯುವ ಶ್ರಮದಿಂದಲೇ ಮಡಿ ಹುಟ್ಟುವುದರಿಂದ, ಆ ಶ್ರಮಜೀವಿಯನ್ನು ದೂರವಿಡುವ ಶುದ್ಧಿಯು ತನ್ನ ಮೂಲವನ್ನೇ ನಿರಾಕರಿಸುತ್ತದೆ.