ಎಳೆದುಕೊಂಡು ಹೋಗುವ ಮನೆ

ಮನೆ ಬಿಟ್ಟು ನಾಲ್ಕು ದಿನ ಎಲ್ಲಿಗಾದರೂ ಹೋಗಿ ಬರಬೇಕು ಎಂಬ ಆಸೆ ಯಾರಿಗೆ ತಾನೇ ಇರುವುದಿಲ್ಲ? ಆದರೆ ಹೊರಡುವ ಹಿಂದಿನ ದಿನ ನಾವು ಹೆಂಗಸರು ಮಾಡುವ ಕೆಲಸವನ್ನು ಯಾರಾದರೂ ಪಕ್ಕದಲ್ಲಿ ಕೂತು ಪಟ್ಟಿ ಮಾಡಿದರೆ, ಇವರು ಮನೆ ಬಿಟ್ಟು ಹೋಗುತ್ತಿದ್ದಾರೋ, ಮನೆಯನ್ನೇ ಗಂಟು ಕಟ್ಟಿಕೊಂಡು ಹೋಗುತ್ತಿದ್ದಾರೋ ಎಂಬ ಅನುಮಾನ ಬಂದೀತು. ಚಟ್ನಿಪುಡಿ, ಅವಲಕ್ಕಿ, ದಾರಿಗೆ ಮೊಸರನ್ನದ ಬುತ್ತಿ, ಮಕ್ಕಳಿಗೆ ಕುರುಕಲು, ಯಜಮಾನರ ಮಾತ್ರೆ, ಅತ್ತೆಯವರ ಶಾಲು. ಹಾಲಿನವನಿಗೆ ಬೇಡವೆಂದು ಹೇಳಬೇಕು, ತುಳಸಿಗೆ ನೀರು ಹಾಕಲು ಪಕ್ಕದ ಮನೆಯವರನ್ನು ಕೇಳಬೇಕು. ರಾಮೇಶ್ವರಕ್ಕೆ ಹೋದರೂ ಶನೀಶ್ವರನ ಕಾಟ ತಪ್ಪಲಿಲ್ಲ ಎಂದು ನಮ್ಮಲ್ಲಿ ಗಾದೆಯೇ ಇದೆ. ನಮ್ಮ ಪಾಲಿನ ಶನೀಶ್ವರ ಒಲೆಯ ರೂಪದಲ್ಲಿ ಬರುತ್ತಾನೆ, ಅಷ್ಟೆ.

ಈ ವಿಚಾರ ನನ್ನ ತಲೆಗೆ ಹೊಕ್ಕಿದ್ದು ನಮ್ಮ ಭಾವನವರ ದೆಸೆಯಿಂದ. ಅವರು ಭದ್ರಾವತಿಯಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. 1923ರಲ್ಲೇ ಕಬ್ಬಿಣದ ಕಾರ್ಖಾನೆ ಶುರುವಾದ ಊರು ಅದು. ನಮಗೆ ಹಿಟ್ಟು ನಾದುವುದು ಹೇಗೋ ಅಲ್ಲಿನ ಅನೇಕರಿಗೆ ಕಬ್ಬಿಣ ಬಗ್ಗಿಸುವುದು ಹಾಗೆ. ನಿವೃತ್ತಿಯ ಮೇಲೆ ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ಅಕ್ಕನ ತವರಿನ ಪಾಲಿನ ಮನೆಗೆ ಬಂದು ನಿಂತರು. ಸುತ್ತ ಬಟ್ಟೆಯಂಗಡಿ, ಬಂಗಾರದಂಗಡಿ, ಹಗಲೆಲ್ಲ ಜನ. ಇಲ್ಲಿ ಸುಮ್ಮನೆ ಕೂರಲಾರದೆ ಭಾವನವರು ಒಂದು ಯೋಜನೆ ಹಾಕಿದರು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಒಂದು ಪುಟ್ಟ ಗಾಡಿ ಮನೆ. ಆಂಗಲ್ ಕಬ್ಬಿಣದ ಚೌಕಟ್ಟು, ಪ್ಲೈವುಡ್ಡಿನ ಗೋಡೆ, ಮೇಲೆ ಅಲ್ಯೂಮಿನಿಯಂ ಶೀಟು. ಅದರ ಹಿಂದೆ ಒಂದು ದೋಣಿ. ಸಾಗರದ ಕಡೆಗೆ ಹೋಗಿ, ತಾಳಗುಪ್ಪ ದಾಟಿ, ಹೊನ್ನೆಮರಡುವಿನ ಹಿನ್ನೀರಿನ ಹತ್ತಿರ ಬೀಡು ಬಿಡುವುದು, ದೋಣಿಯಲ್ಲಿ ತೇಲುವುದು.

ಒಂದು ಭಾನುವಾರ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಮನೆಯ ನಕ್ಷೆ ಬರೆದರು. ಎಂಟು ಅಡಿ ಉದ್ದ, ಐದು ಅಡಿ ಅಗಲ. ಆರಡಿ ಹಾಸಿಗೆಗೆ, ಉಳಿದ ಎರಡಡಿ ಅಡುಗೆಗೆ. ನಾನೂ ಅಕ್ಕನೂ ಗೆರೆಯೊಳಗೆ ಕೂತು ಅಳತೆ ನೋಡಿದೆವು. ಅಕ್ಕ ಎರಡಡಿಯ ಪಟ್ಟಿಯನ್ನು ನೋಡಿ, "ಅಲ್ರೀ, ನಿಮಗೆ ದೋಣಿ, ನನಗೆ ಒಲೆ. ಹೊನ್ನೆಮರಡುವಾದರೇನು, ದುರ್ಗಿಗುಡಿಯಾದರೇನು?" ಎಂದಳು. ಭಾವನವರು ನಕ್ಕರು. "ನಿನಗೆ ಹೋಟೆಲಿನ ಊಟ ಒಗ್ಗೋದಿಲ್ಲ ಅಂತ ತಾನೇ ಒಲೆ ಇಟ್ಟಿದ್ದು?" ಎಂದರು. ಅವರು ಸುಳ್ಳು ಹೇಳಲಿಲ್ಲ. ಅಕ್ಕನ ಮಾತೂ ಸುಳ್ಳಲ್ಲ. ಇಬ್ಬರೂ ನಿಜ ಹೇಳುತ್ತಿರುವಾಗ ಹುಟ್ಟುವ ಪ್ರಶ್ನೆಯೇ ಕಷ್ಟದ್ದು. ಒಬ್ಬರ ವಿಶ್ರಾಂತಿ ಇನ್ನೊಬ್ಬರ ಕೆಲಸದ ಮೇಲೆ ನಿಂತಿದ್ದರೆ ಅದನ್ನು ವಿಶ್ರಾಂತಿ ಎನ್ನಬಹುದೇ?

ಗಾಡಿಯೊಳಗೆ ಮನೆ ಮಾಡುವುದು ನಮಗೆ ಹೊಸದೇನಲ್ಲ. ನಮ್ಮಜ್ಜಿಯ ಕಾಲದಲ್ಲಿ ಸಾಗರದ ಮಾರಿಕಾಂಬೆಯ ಜಾತ್ರೆಗೆ ಕಮಾನು ಗಾಡಿಯಲ್ಲಿ ಹೋಗುತ್ತಿದ್ದರಂತೆ. ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆ. ಗಾಡಿಯೊಳಗೆ ಹುಲ್ಲು ಹಾಸಿ ಮೇಲೆ ಜಮಖಾನ, ಅದರ ಮೇಲೆ ಮಕ್ಕಳು, ಮೂಲೆಯಲ್ಲಿ ಪಾತ್ರೆಯ ಬುಟ್ಟಿ. ಎಲ್ಲಿ ಎತ್ತು ಬಿಚ್ಚಿದರೋ ಅಲ್ಲಿ ಮೂರು ಕಲ್ಲು ಹೂಡಿದರೆ ಅದೇ ಅಡುಗೆಮನೆ. ಆ ಪ್ರಯಾಣದ ಬಗ್ಗೆ ಅಜ್ಜಿ ಹೇಳುವಾಗ ಅವರ ಮುಖ ಅರಳುತ್ತಿತ್ತು. ಒಮ್ಮೆ ನಾನು, "ಅಲ್ಲೂ ನೀವೇ ಬೇಯಿಸಬೇಕಿತ್ತಲ್ಲ ಅಜ್ಜಿ?" ಎಂದು ಕೇಳಿದ್ದಕ್ಕೆ, "ಬೇಯಿಸೋದು ಬೇಯಿಸೋದೇ ಕಣೇ. ಆದರೆ ಅಲ್ಲಿ ಆಕಾಶ ಕಾಣ್ತಿತ್ತು. ನೀರು ಗಂಡಸರು ತರ್ತಿದ್ರು" ಎಂದಿದ್ದರು. ಹೊಗೆ ಕವಿದ ಒಳಮನೆಯಿಂದ ಹೊರಗೆ ಬಂದದ್ದೇ ಅವರಿಗೆ ಬಿಡುವು. ಅಷ್ಟಕ್ಕೆ ತೃಪ್ತರಾಗಬೇಕಾಗಿ ಬಂತಲ್ಲ ಎಂದು ನಮಗೆ ಮರುಕ ಹುಟ್ಟಬಹುದು. ಆದರೂ ಅವರ ಸಂತೋಷವನ್ನು ನಾವು ಸುಳ್ಳೆನ್ನಲಾರೆವು.

ಹೊರದೇಶದಲ್ಲೂ ಈ ಗಾಡಿ ಮನೆಯ ಕಥೆ ಒಲೆಯಿಂದಲೇ ಶುರುವಾಗಿದೆ. ಅಮೆರಿಕದ ಹೆಸರಾಂತ ಏರ್‌ಸ್ಟ್ರೀಮ್ ಗಾಡಿಗಳನ್ನು ಹುಟ್ಟುಹಾಕಿದ ವಾಲಿ ಬಯಾಮ್, ತನ್ನ ಹೆಂಡತಿ ಅಡುಗೆಮನೆಯಿಲ್ಲದೆ ಕಾಡಿಗೆ ಬರಲೊಲ್ಲೆ ಎಂದಳೆಂಬ ಕಾರಣಕ್ಕೆ ಫೋರ್ಡ್ ಕಾರಿನ ಚೌಕಟ್ಟಿನ ಮೇಲೆ ಮೊದಲ ಗಾಡಿ ಕಟ್ಟಿದನಂತೆ. 1930ರ ದಶಕದಲ್ಲಿ ಅಲ್ಲಿನ ಜನ ಪತ್ರಿಕೆಗಳಲ್ಲಿ ಬಂದ ನಕ್ಷೆ ನೋಡಿಕೊಂಡು ತಮ್ಮ ಹಿತ್ತಲಲ್ಲೇ ಚಿಕ್ಕ ಗಾಡಿಗಳನ್ನು ಮಾಡಿಕೊಳ್ಳತೊಡಗಿದರು. ಅವುಗಳಲ್ಲಿ ಒಂದು ಬಗೆಗೆ 'ಟಿಯರ್‌ಡ್ರಾಪ್' ಎಂದು ಹೆಸರು, ಅಂದರೆ ಕಣ್ಣೀರ ಹನಿ. ಮುಂದೆ ದುಂಡಗೆ, ಹಿಂದೆ ಇಳಿಜಾರಾಗಿರುವ ಆಕಾರಕ್ಕೆ ಬಂದ ಹೆಸರು. ಅದರ ಹಿಂಬದಿಯ ಮುಚ್ಚಳ ಎತ್ತಿದರೆ ಒಲೆ, ಪಾತ್ರೆ, ಡಬ್ಬಿ. ಅಡುಗೆಮನೆ ಇರುವ ಗಾಡಿಗೆ ಕಣ್ಣೀರಿನ ಹೆಸರು ಎಂದು ಕೇಳಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

1954ರಲ್ಲಿ ಇದೇ ವಿಷಯದ ಮೇಲೆ ಒಂದು ಹಾಲಿವುಡ್ ಚಿತ್ರ ಬಂತು. ಹೆಸರು 'ದಿ ಲಾಂಗ್, ಲಾಂಗ್ ಟ್ರೇಲರ್'. ನಾಯಕಿಯಾಗಿ ಲೂಸಿಲ್ ಬಾಲ್. ಹೊಸದಾಗಿ ಮದುವೆಯಾದವಳು ಹೋದ ಹೋದ ಊರಿನಿಂದ ನೆನಪಿಗೆಂದು ಒಂದೊಂದು ಕಲ್ಲು ಆರಿಸಿ ಗಾಡಿಯಲ್ಲಿ ತುಂಬುತ್ತಾಳೆ. ಭಾರವಾಯಿತು, ಎಸೆ ಎಂದು ಗಂಡ ಹೇಳಿದರೆ ಬಚ್ಚಿಡುತ್ತಾಳೆ. ಬೆಟ್ಟದ ದಾರಿಯಲ್ಲಿ ಪ್ರಾಣಕ್ಕೇ ಬರುತ್ತದೆ. ನೋಡಿದವರು ನಗುತ್ತಾರೆ. ನನಗೆ ಮಾತ್ರ ಆ ಕಲ್ಲುಗಳ ಮೇಲೆ ಕೊಂಚ ಅಕ್ಕರೆ. ಆ ಗಾಡಿಯಲ್ಲಿ ಅವಳು ತನಗಾಗಿಯೇ ಹೇರಿಕೊಂಡದ್ದು ಅದೊಂದೇ ಇದ್ದೀತು ಅನ್ನಿಸುತ್ತದೆ.

ಭಾರದ ವಿಷಯದಲ್ಲಿ ಭಾವನವರು ಬಲು ಕಟ್ಟುನಿಟ್ಟು. ಎಳೆಯುವ ಗಾಡಿಯ ಒಟ್ಟು ಭಾರ 100 ಕಿಲೋ ಇದ್ದರೆ ಅದರಲ್ಲಿ 10ರಿಂದ 15 ಕಿಲೋ ಕಾರಿನ ಕೊಂಡಿಯ ಮೇಲೆ ಬೀಳಬೇಕಂತೆ. ಭಾರವೆಲ್ಲ ಹಿಂದಕ್ಕೆ ಸರಿದರೆ ಗಾಡಿ ಹಾವಿನ ಹಾಗೆ ಅತ್ತಿತ್ತ ಬಳುಕಲು ಶುರುಮಾಡುತ್ತದೆ, ಕೊನೆಗೆ ಕಾರನ್ನೂ ಎಳೆದು ಕೆಡವುತ್ತದೆ. ಎತ್ತಿನ ಗಾಡಿಯಲ್ಲೂ ಅಷ್ಟೇ. ಹಿಂದೆ ಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಅದಕ್ಕೇ "ಮುಂದಕ್ಕೆ ಸರಿದು ಕೂತ್ಕಳಿ" ಎಂದು ಗಾಡಿ ಹೊಡೆಯುವವನು ಗದರುತ್ತಿದ್ದುದು. ಇನ್ನು ಗಾಡಿಯ ಹಿಂದೆ ದೋಣಿಯನ್ನೂ ಕಟ್ಟಿದರೆ ಅಪಾಯ ಹೆಚ್ಚು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಹೀಗೆ ಒಂದರ ಹಿಂದೊಂದು ಎಳೆಯಲು ಅನುಮತಿಯುಂಟು, ಕೆಲವು ಕಡೆ ಇಲ್ಲ. ಕೊನೆಯದು ತೂಗಾಡಲು ಶುರುವಾದದ್ದು ಮುಂದೆ ಸ್ಟಿಯರಿಂಗ್ ಹಿಡಿದವರಿಗೆ ತಡವಾಗಿ ತಿಳಿಯುತ್ತದೆಯಂತೆ.

ಇಷ್ಟು ಹೇಳಿ ಭಾವನವರು ಸ್ನಾನದ ಮನೆಯ ತೂಕದ ಯಂತ್ರ ತಂದು, ಅಕ್ಕ ಬೇಕೆಂದು ಪಟ್ಟಿ ಮಾಡಿದ್ದನ್ನೆಲ್ಲ ತೂಗಿದರು. ಕುಕ್ಕರ್, ಇಡ್ಲಿ ಪಾತ್ರೆ, ಈಳಿಗೆಮಣೆ, ಚಿಕ್ಕ ಸಿಲಿಂಡರ್, ನೀರಿನ ಡ್ರಮ್ಮು ಎಲ್ಲ ಸೇರಿ ಅರವತ್ತೊಂದು ಕಿಲೋ. "ಇದನ್ನು ಕಡಿಮೆ ಮಾಡಬೇಕಲ್ಲ" ಎಂದರು. "ಇದರಲ್ಲಿ ನನಗೆ ಅಂತ ಇರೋದು ಏನು ಹೇಳಿ, ಅದನ್ನು ತೆಗೀತೀನಿ" ಎಂದಳು ಅಕ್ಕ. ಭಾವನವರು ಪಟ್ಟಿಯನ್ನು ಎರಡು ಸಲ ಓದಿದರು. ಇಡ್ಲಿ ಪಾತ್ರೆ ಮಗನಿಗೆ, ಕಾಫಿ ಫಿಲ್ಟರ್ ಅವರಿಗೆ, ಗಂಜಿ ಪಾತ್ರೆ ಅತ್ತೆಯವರಿಗೆ. ಅಕ್ಕನದು ಎಂದು ಒಂದೂ ಸಿಗಲಿಲ್ಲ.

ನಮ್ಮ ದೇಶದಲ್ಲಿ 2019ರಲ್ಲಿ ಸರ್ಕಾರವೇ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನೂ, ಮಾಡುವ ಗಂಡಸರು 97 ನಿಮಿಷವನ್ನೂ ಅದಕ್ಕೆ ಕೊಡುತ್ತಾರೆಂದು ಕಂಡುಬಂತು. ಸುಮಾರು ಐದು ಗಂಟೆ ಎಲ್ಲಿ, ಒಂದೂವರೆ ಗಂಟೆ ಎಲ್ಲಿ! ಮನೆಯನ್ನು ಹಾಗೇ ಗಾಡಿಗೇರಿಸಿದರೆ ಈ ಲೆಕ್ಕವೂ ಗಾಡಿಯೇರಿ ಬರುತ್ತದೆ.

ಆದರೆ ಅಕ್ಕನಿಗೆ ಅಡುಗೆ ಇಷ್ಟ ತಾನೇ ಎಂದು ನೀವು ಕೇಳಬಹುದು. ಇಷ್ಟವೇ. ನಾಲ್ಕು ಜನ ಬಂದರೆ ಅವಳ ಕೈಗೆ ರೆಕ್ಕೆ ಬರುತ್ತದೆ. ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಲೆಕ್ಕ ಇಡುವುದು ಕೆಲವರಿಗೆ ಅಸಹ್ಯವಾಗಿ ಕಾಣುತ್ತದೆ, ಅದೂ ನನಗೆ ಗೊತ್ತು. ಆದರೆ ಪ್ರೀತಿಯಿಂದ ಮಾಡುವುದಕ್ಕೂ ಕಟ್ಟುಬಿದ್ದು ಮಾಡುವುದಕ್ಕೂ ಇರುವ ವ್ಯತ್ಯಾಸ ತಿಳಿಯುವುದು ಮಾಡದೆ ಇದ್ದ ದಿನ. "ಇವತ್ತು ನನಗೆ ಮನಸ್ಸಿಲ್ಲ" ಎಂದಾಗ ಯಾರ ಮುಖವೂ ಇಳಿಯದಿದ್ದರೆ, ಒಬ್ಬರು ಎದ್ದು ಅಕ್ಕಿ ತೊಳೆದರೆ, ಉಳಿದ ದಿನ ಅವಳು ಮಾಡಿದ್ದು ಪ್ರೀತಿಯಿಂದಲೇ ಎಂದು ಒಪ್ಪೋಣ. ಬೇಡವೆನ್ನುವ ದಾರಿಯೇ ಇಲ್ಲದ ಕಡೆ, ಇಷ್ಟ ಎಂಬ ಮಾತಿಗೆ ಅಷ್ಟು ಬೆಲೆಯಿಲ್ಲ.

ಹಾಗೆಂದು ಭಾವನವರನ್ನು ಕಟಕಟೆಯಲ್ಲಿ ನಿಲ್ಲಿಸುವುದೂ ನ್ಯಾಯವಲ್ಲ. ಮೂವತ್ತನಾಲ್ಕು ವರ್ಷ ಪಾಳಿಯ ಮೇಲೆ ದುಡಿದವರಿಗೆ ಹಬ್ಬದ ದಿನವೂ ರಜೆ ಎಂಬ ಭರವಸೆ ಇರಲಿಲ್ಲ. ಹೆಂಡತಿಗೆ ಏನಾದರೂ ಕೊಡಬೇಕೆಂದರೆ ಅವರಿಗೆ ಗೊತ್ತಿರುವುದು ಕಬ್ಬಿಣ ಒಂದೇ. ಕೊಡುವವನ ಮನಸ್ಸು ಒಳ್ಳೆಯದಿದ್ದೂ ಕೊಟ್ಟದ್ದು ಪಡೆದವಳಿಗೆ ಹೊರೆಯಾಗುವುದು ಸಂಸಾರದಲ್ಲಿ ಹೊಸದಲ್ಲ. ಆಗ ಸುಮ್ಮನೆ ಹೊತ್ತುಕೊಳ್ಳುವುದು ದೊಡ್ಡತನ ಎಂದು ನಮಗೆ ಕಲಿಸಿದ್ದಾರೆ. ಹೊರೆ ಎಂದು ಬಾಯಿಬಿಟ್ಟು ಹೇಳುವುದು ಕೊಟ್ಟವನಿಗೆ ತೋರಿಸುವ ಇನ್ನೂ ದೊಡ್ಡ ಮರ್ಯಾದೆ ಎಂದು ನನಗೆ ಅನ್ನಿಸುತ್ತದೆ. ಹೇಳದಿದ್ದರೆ ಅವನು ತಿದ್ದಿಕೊಳ್ಳಲಾರ ಎಂದು ನಾವೇ ತೀರ್ಮಾನ ಮಾಡಿದಂತಾಗುತ್ತದೆ.

ನಾವು ದೋಣಿ ಬಿಡಲು ಹೊರಟ ನೀರಿನ ಕಥೆಯನ್ನೂ ಇಲ್ಲಿ ನೆನೆಯಬೇಕು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ನೀರು ನಿಂತದ್ದು ಊರುಗಳ ಮೇಲೆ, ತೋಟಗಳ ಮೇಲೆ, ಒಲೆಗಳ ಮೇಲೆ. ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೆಯೇ ಅದರಲ್ಲಿ ಮುಳುಗಿದೆ, ಬೇಸಿಗೆಯಲ್ಲಿ ನೀರಿಳಿದಾಗ ತಲೆಯೆತ್ತುತ್ತದೆ. ಅಂದು ಲಾರಿಗೆ ಸಾಮಾನು ಹೇರಿ ಹೊರಟ ಹೆಂಗಸರಿಗೆ ಮನೆ ಎಳೆದುಕೊಂಡು ಹೋಗುವುದು ವಿನೋದವಾಗಿರಲಿಲ್ಲ. ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದದ್ದು ಈ ನೋವನ್ನೇ. ಹಿನ್ನೀರಿನ ಆಚೆ ಉಳಿದ ತುಮರಿಯ ಕಡೆಯವರು ಆಸ್ಪತ್ರೆಗೂ ಶಾಲೆಗೂ ಲಾಂಚನ್ನು ನಂಬಿಕೊಂಡು ದಶಕಗಳನ್ನು ಕಳೆದರು. ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ನಮಗೆ ಆಟವಾದ ದೋಣಿ ಅವರಿಗೆ ಕಾಲಾಗಿತ್ತು. ಇವತ್ತಿಗೂ ಬೀಡ್ ಜಿಲ್ಲೆಯಿಂದ ನಮ್ಮ ಬೆಳಗಾವಿಯ ಕಡೆಗೆ ಕಬ್ಬು ಕಡಿಯಲು ಬರುವ ಸಂಸಾರಗಳು ಪಾತ್ರೆ, ಮಕ್ಕಳು, ಎಲ್ಲವನ್ನೂ ಹೇರಿಕೊಂಡೇ ಬರುತ್ತವೆ. ಅಲ್ಲಿ ಹೆಂಗಸು ಕಬ್ಬೂ ಕಡಿಯುತ್ತಾಳೆ, ಅಡುಗೆಯನ್ನೂ ಮಾಡುತ್ತಾಳೆ. ಇವರನ್ನು ನೆನೆದು ನಾವು ಪ್ರವಾಸ ಹೋಗಬಾರದೆಂದಲ್ಲ. ಆದರೆ ನಮ್ಮ ಬಿಡುವು ಯಾರ ಬೆನ್ನ ಮೇಲೆ ಕೂತಿದೆ ಎಂದು ನೋಡುವ ಅಭ್ಯಾಸ ಮನೆಯೊಳಗಿಂದ ಶುರುವಾದರೆ, ಹೊರಗೂ ಕಣ್ಣು ತೆರೆದೀತು.

2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಬೇಡವೆಂದಾದ ಮೇಲೆ, ನಮ್ಮ ಬೀದಿಯ ಎಷ್ಟೋ ಜನ ಒಂದು ಕೈಚೀಲ ಹಿಡಿದು ಧರ್ಮಸ್ಥಳಕ್ಕೆ, ಹೊರನಾಡಿಗೆ ಹೊರಟರು. ಅಲ್ಲಿ ಪಂಕ್ತಿಯಲ್ಲಿ ಕೂತು, ಬೇರೆಯವರು ಬಡಿಸಿದ್ದನ್ನು ಬಿಸಿಬಿಸಿಯಾಗಿ ಉಂಡದ್ದೇ ದರ್ಶನದಷ್ಟು ಸಂತೋಷ ಕೊಟ್ಟಿತು ಎಂದು ಒಬ್ಬರು ಪಿಸುಮಾತಿನಲ್ಲಿ ಹೇಳಿದರು. ಅಲ್ಲೂ ಯಾರೋ ಬೇಯಿಸಿರುತ್ತಾರೆ, ನಿಜ. ಕೆಲಸವಿಲ್ಲದ ಲೋಕ ಎಲ್ಲೂ ಇಲ್ಲ. ಇರಬೇಕಾದ್ದು ಸರದಿ.

ಭಾವನವರ ಗಾಡಿ ಇನ್ನೂ ರಸ್ತೆಗಿಳಿದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಎಳೆಯುವ ಗಾಡಿಯೂ ಒಂದು ವಾಹನವೇ, ಅದಕ್ಕೂ ಬೇರೆ ನೋಂದಣಿ ಬೇಕು. ಮನಸ್ಸಿಗೆ ಬಂದಂತೆ ಕಟ್ಟಿ ಓಡಿಸುವಂತಿಲ್ಲ. ಆ ಓಡಾಟದ ನಡುವೆ ನಕ್ಷೆ ಮಾತ್ರ ಬದಲಾಗಿದೆ. ದೋಣಿಯನ್ನು ಎಳೆದುಕೊಂಡು ಹೋಗುವ ಆಸೆ ಬಿಟ್ಟಿದ್ದಾರೆ, ಬೇಕಾದರೆ ಅಲ್ಲೇ ತೆಪ್ಪ ಸಿಗುತ್ತದೆ ಎನ್ನುತ್ತಾರೆ. ಒಲೆ ಒಳಗಿಲ್ಲ, ಹಿಂಬದಿಯ ಮುಚ್ಚಳದ ಕೆಳಗೆ ಬಂದಿದೆ. ಇಡ್ಲಿ ಪಾತ್ರೆ ಪಟ್ಟಿಯಿಂದ ಹೋಗಿದೆ, ಅಕ್ಕನ ಮಡಚುವ ಕುರ್ಚಿ ಬಂದಿದೆ. ಭಾವನವರು ಬೆಳಗಿನ ಹೊತ್ತು ಉಪ್ಪಿಟ್ಟು ಕಲಿಯುತ್ತಿದ್ದಾರೆ, ರವೆ ಗಂಟಾಗುವುದು ಇನ್ನೂ ನಿಂತಿಲ್ಲ.

ಒಲೆ ಹೊರಗೆ ಬಂದದ್ದು ನನಗೆ ಹೆಚ್ಚು ಹಿಡಿಸಿತು. ಗೋಡೆಯ ಹಿಂದೆ ಬೇಯುವ ಅನ್ನ ತಾನಾಗಿಯೇ ಬೆಂದಂತೆ ಕಾಣುತ್ತದೆ. ಬಯಲಿನಲ್ಲಿ ಹಾಗಲ್ಲ. ಯಾರು ನಿಂತಿದ್ದಾರೆ, ಎಷ್ಟು ಹೊತ್ತಿನಿಂದ ನಿಂತಿದ್ದಾರೆ, ಯಾರು ಕೂತಿದ್ದಾರೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಂಡ ಮೇಲೆ ಏಳುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಕಾಣಲಿಲ್ಲ ಎಂದು ಹೇಳುವ ಹಾಗಿಲ್ಲ.