ಉತ್ತರ ಕೈಯಲ್ಲಿಟ್ಟುಕೊಂಡು ಕೇಳುವ ಪ್ರಶ್ನೆ

ನಿಮ್ಮ ವಾರ್ಡಿನ ಕಿರು ಕ್ರೈಸ್ತ ಸಮುದಾಯದ ಕೂಟ ಈ ತಿಂಗಳು ನಿಮ್ಮ ಮನೆಯಲ್ಲಿ ಎಂದುಕೊಳ್ಳಿ. ಚಾಪೆ ಹಾಸಿದ್ದಾಗಿದೆ, ಜಪಸರ ಮುಗಿದಿದೆ, ಒಳಗೆ ಕಾಫಿಗೆ ನೀರು ಕುದಿಯುತ್ತಿದೆ. ಗುರುಗಳಿಗೆ ಬರಲಾಗಿಲ್ಲ, "ಬೈಬಲ್ ಹಂಚಿಕೆಯನ್ನು ನೀವೇ ನಡೆಸಿಬಿಡಿ" ಎಂದು ಹೇಳಿ ಕಳುಹಿಸಿದ್ದಾರೆ. ಶುಭಸಂದೇಶ ಓದಿದ್ದಾಯಿತು. ಹದಿನೈದು ಮುಖಗಳು ನಿಮ್ಮ ಕಡೆ ತಿರುಗಿವೆ. ಈಗ ನೀವು ಏನು ಕೇಳುವಿರಿ?

ನಮ್ಮಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ಈ ಭಾಗದಿಂದ ನಾವು ಏನು ಕಲಿಯುತ್ತೇವೆ?" ಬರುವ ಉತ್ತರಗಳೂ ಗೊತ್ತಿರುವವೇ. ಪ್ರೀತಿಸಬೇಕು, ಕ್ಷಮಿಸಬೇಕು, ಪ್ರಾರ್ಥಿಸಬೇಕು. ಇವುಗಳಲ್ಲಿ ಯಾವುದನ್ನು ಹೇಳಿದರೂ ಶುಭಸಂದೇಶದ ಯಾವ ಪುಟಕ್ಕಾದರೂ ಹೊಂದುತ್ತದೆ. ಪುಟ ತೆರೆಯದೆಯೂ ಹೇಳಬಹುದು.

ನಾನೂ ಹಲವು ವರ್ಷ ಹೀಗೆಯೇ ಕೇಳಿದವನು. ಒಂದು ತಪಸ್ಸುಕಾಲದಲ್ಲಿ ಸಂತ ಲೂಕರ 15ನೆಯ ಅಧ್ಯಾಯದ ದುಂದುಗಾರ ಮಗನ ಸಾಮತಿಯನ್ನು ಓದಿ, "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಬೇಕಲ್ಲವೇ?" ಎಂದೆ. ಎಲ್ಲರೂ ಹೌದೆಂದರು. ವಯಸ್ಸಾದ ತಾಯಿಯೊಬ್ಬರು ಮಾತ್ರ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಸುಮ್ಮನಿದ್ದರು. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಾ ಮೆಲ್ಲಗೆ ಹೇಳಿದರು: "ಉತ್ತರ ಕೈಲಿಟ್ಕೊಂಡೇ ಕೇಳ್ತೀಯಲ್ಲಪ್ಪಾ. ಇಲ್ಲ ಅನ್ನೋರಿಗೆ ಜಾಗ ಎಲ್ಲಿ ಬಿಟ್ಟೆ?"

ಅವರ ಮನೆಯಲ್ಲಿ ಒಡಹುಟ್ಟಿದವರ ನಡುವೆ ಮಾತು ನಿಂತು ವರ್ಷಗಳಾಗಿದ್ದುದು ನನಗೆ ತಿಳಿದಿತ್ತು. ಸತ್ಯ ಹೇಳಬೇಕೆಂದರೆ, ಅವರ ಕಿವಿಗೆ ಬೀಳಲೆಂದೇ ಆ ಪ್ರಶ್ನೆ ಕೇಳಿದ್ದೆ. ನಾಚಿಕೆಯಾಗಬೇಕಾದುದು ಅಲ್ಲಿಯೇ.

ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಕ್ಷಮಿಸಬೇಕೆಂಬುದು ಪ್ರಭುವಿನ ಬೋಧನೆಯೇ ತಾನೆ? ಹೌದು. ಅದನ್ನು ಪ್ರಬೋಧನೆಯಲ್ಲಿ ನೇರವಾಗಿ ಹೇಳಿದ್ದರೆ ತಪ್ಪಿರಲಿಲ್ಲ. ಪೀಠದಿಂದ ಗುರುಗಳು ಹೇಳಿದಾಗ ಅದು ಉಪದೇಶವೆಂದು ಎಲ್ಲರಿಗೂ ಗೊತ್ತು; ಕೇಳಿದವನು ಅದನ್ನು ಮನೆಗೆ ಒಯ್ದು ತನ್ನ ಮನಸ್ಸಿನೊಡನೆ ಹೋರಾಡುತ್ತಾನೆ. ಆದರೆ ಪ್ರಶ್ನೆಯ ವೇಷ ಹಾಕಿದ ಉಪದೇಶ ನನ್ನ ಮಾತನ್ನು ಅವನ ಬಾಯಿಂದಲೇ ಹೊರಡಿಸುತ್ತದೆ. ಅವನು ಒಪ್ಪಿದಂತೆ ಕಾಣುತ್ತದೆ, ಒಪ್ಪಿರುವುದಿಲ್ಲ. ಕೇಳುತ್ತೇನೆಂದು ಹೇಳಿ ನಾನು ಕೇಳಿಸಿಕೊಳ್ಳಲಿಲ್ಲ. ಸಣ್ಣದಾದರೂ ಅದು ಸುಳ್ಳೇ.

ಹಾಗಾದರೆ ಉತ್ತರ ಗೊತ್ತಿರುವವನು ಪ್ರಶ್ನೆಯನ್ನೇ ಕೇಳಬಾರದೆ? ಎಮ್ಮಾವಿನ ದಾರಿಯನ್ನು ನೋಡಿ. ಪುನರುತ್ಥಾನರಾದ ಯೇಸುಸ್ವಾಮಿ ಇಬ್ಬರು ಶಿಷ್ಯರ ಜೊತೆ ನಡೆಯುತ್ತಾ, ಏನು ಮಾತನಾಡಿಕೊಳ್ಳುತ್ತಿದ್ದೀರೆಂದು ವಿಚಾರಿಸುತ್ತಾರೆ. ಜೆರುಸಲೇಮಿನಲ್ಲಿ ನಡೆದದ್ದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದು ಅವರ ಮೈಮೇಲೆಯೇ ನಡೆದದ್ದು. ಆದರೂ ಕೇಳಿದರು, ಪೂರ್ತಿ ಹೇಳಲು ಬಿಟ್ಟರು. ಆ ಇಬ್ಬರು ಮುಖ ಬಾಡಿಸಿಕೊಂಡು ನಿಂತು ತಮ್ಮ ನಿರೀಕ್ಷೆ ಮುರಿದುದನ್ನು ಹೇಳಿಕೊಂಡರು. ಮೋಶೆಯಿಂದ ಹಿಡಿದು ಪ್ರವಾದಿಗಳವರೆಗಿನ ವಿವರಣೆ ಬಂದದ್ದು ಆಮೇಲೆ. ಗದರಿಕೆಯೂ ಇತ್ತು ಎನ್ನುವುದನ್ನು ಮರೆಯಬೇಡಿ. ಆದರೆ ಅದೂ ಕೇಳಿಸಿಕೊಂಡ ಮೇಲೆಯೇ. ಶಾಸ್ತ್ರದ ಅರ್ಥ ಸ್ವಾಮಿಗೆ ಗೊತ್ತಿತ್ತು. ಆದರೂ ಆ ಇಬ್ಬರ ದುಃಖವನ್ನು ಅವರ ಬಾಯಿಂದಲೇ ಕೇಳಲು ಬಯಸಿದರು.

ಇದಕ್ಕೆ ವಿರುದ್ಧವಾದ ಪ್ರಶ್ನೆ ಸಂತ ಯೊವಾನ್ನರ 9ನೆಯ ಅಧ್ಯಾಯದಲ್ಲಿದೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎನ್ನುತ್ತಾರೆ. ಎರಡೇ ಉತ್ತರ, ಎರಡೂ ಪ್ರಶ್ನೆಯ ಒಳಗೇ ಇವೆ, ಎರಡೂ ತಪ್ಪು. ಯೇಸುಸ್ವಾಮಿ ಎರಡನ್ನೂ ತಳ್ಳಿಹಾಕುತ್ತಾರೆ. ಖಾಯಿಲೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ ನಮ್ಮ ಕೂಟದಲ್ಲಿ ಕುಳಿತಿರುವಾಗ, "ದೇವರು ಕಷ್ಟ ಕೊಡುವುದು ನಮ್ಮನ್ನು ತಿದ್ದುವುದಕ್ಕಲ್ಲವೇ?" ಎಂದು ನಾವೂ ಕೇಳುತ್ತೇವೆ.

ಇನ್ನು ಕೆಲವರು ಮತ್ತೊಂದು ತುದಿಗೆ ಹೋಗಿ, "ನೀವು ಯಾರನ್ನು ಇನ್ನೂ ಕ್ಷಮಿಸಿಲ್ಲ, ಹೇಳಿ" ಎನ್ನುತ್ತಾರೆ. ಅದು ಪಾಪನಿವೇದನೆಯ ಪೀಠಕ್ಕೆ ಸೇರಿದ ಮಾತು. ಚಾಪೆಯ ಮೇಲೆ ಪಕ್ಕದಲ್ಲಿ ಕುಳಿತವರೇ ನಾಳೆ ನಲ್ಲಿಯ ಹತ್ತಿರ ಸಿಗುತ್ತಾರೆ.

ಒಳ್ಳೆಯ ಪ್ರಶ್ನೆ ಎಲ್ಲರ ಕಣ್ಣನ್ನೂ ಪುಸ್ತಕದ ಕಡೆಗೆ ತಿರುಗಿಸುತ್ತದೆ. ಅದೇ ಸಾಮತಿಯನ್ನು ತೆಗೆದುಕೊಳ್ಳಿ. ಹೊಲದಿಂದ ಬಂದ ಅಣ್ಣನಿಗೆ ಹಾಡು ಕುಣಿತ ಕೇಳಿಸುತ್ತದೆ. ಆಳೊಬ್ಬನನ್ನು ಕರೆದು ಏನೆಂದು ವಿಚಾರಿಸುತ್ತಾನೆ. ತನ್ನದೇ ಮನೆ, ತನ್ನದೇ ತಂದೆ. ಒಳಗೆ ಹೋಗಿ ಕೇಳಬಹುದಿತ್ತಲ್ಲ, ಆಳನ್ನು ಯಾಕೆ ಕೇಳಿದ? ಕೊನೆಗೆ ಅವನು ಒಳಗೆ ಹೋದನೇ? ಈ ಸಾಮತಿ ಮೂರು ವರ್ಷಕ್ಕೊಮ್ಮೆ ತಪಸ್ಸುಕಾಲದ ನಾಲ್ಕನೆಯ ಭಾನುವಾರ ಬರುತ್ತದೆ. ಮುಂದಿನ ಸಲ ಬಂದಾಗ ನಾನು ಕೇಳಿದ್ದು ಈ ಕೊನೆಯ ಪ್ರಶ್ನೆಯೊಂದನ್ನೇ. ಎಲ್ಲರೂ ಪುಟದಲ್ಲಿ ಹುಡುಕಿದರು. ಲೂಕರು ಅದನ್ನು ಬರೆದಿಲ್ಲ. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅದೇ ತಾಯಿ, "ಹೋಗಿರಲ್ಲ ಕಣಪ್ಪಾ. ಆದ್ರೆ ಅಪ್ಪಾನೂ ಆಚೆ ಬಂದು ಅವನ ಹತ್ರಾನೇ ನಿಂತಿದ್ದಾನಲ್ಲ" ಎಂದರು. ತಂದೆ ಹೊರಗೆ ಬಂದು ಬೇಡಿಕೊಂಡನೆಂಬ ಆ ವಾಕ್ಯವನ್ನು ನಾನು ಎಷ್ಟೋ ಸಲ ಓದಿದ್ದೆ.

ಆ ಮೌನವನ್ನು ಸಹಿಸುವುದೇ ಕಷ್ಟ. ಅರ್ಧ ನಿಮಿಷವಾದರೆ ಸಾಕು, ನಡೆಸುವವನು ಗಾಬರಿಯಾಗಿ ತಾನೇ ಉತ್ತರ ಹೇಳಿಬಿಡುತ್ತಾನೆ. ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಿಂದ ನಮ್ಮ ಧರ್ಮಕೇಂದ್ರಗಳಿಗೂ ಬಂದ ಏಳು ಹೆಜ್ಜೆಗಳ ಶುಭಸಂದೇಶ ಹಂಚಿಕೆಯಲ್ಲಿ ಮೌನಕ್ಕೇ ಒಂದು ಹೆಜ್ಜೆ ಮೀಸಲು. ಹಂಚಿಕೊಳ್ಳುವ ಹೆಜ್ಜೆ ಬರುವುದು ಅದರ ನಂತರ; ಅಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಖಂಡಿಸುವಂತಿಲ್ಲ.

ಯಾರಾದರೂ ವಿಶ್ವಾಸಕ್ಕೆ ವಿರುದ್ಧವಾದುದನ್ನೇ ಹೇಳಿದರೆ? ಇದು ನಿಜವಾದ ತೊಡಕು. ಧರ್ಮಸಭೆಯ ಬೋಧನೆ ಕೈಯೆತ್ತಿ ಮತ ಹಾಕಿ ತೀರ್ಮಾನಿಸುವ ವಿಷಯವಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ 'ದೇಯಿ ವೆರ್ಬುಮ್' ದಾಖಲೆಯ ಪ್ರಕಾರ ದೇವರ ವಾಕ್ಯವನ್ನು ಅಧಿಕೃತವಾಗಿ ವಿವರಿಸುವ ಹೊಣೆ ಧರ್ಮಸಭೆಯ ಬೋಧನಾಧಿಕಾರದ್ದು. ಅದೇ ದಾಖಲೆ, ಆ ಅಧಿಕಾರ ವಾಕ್ಯಕ್ಕಿಂತ ಮೇಲಿನದಲ್ಲ, ವಾಕ್ಯವನ್ನು ಆಲಿಸುತ್ತಾ ಅದರ ಸೇವೆ ಮಾಡುವಂಥದ್ದು ಎಂದೂ ಹೇಳುತ್ತದೆ. ಆದ್ದರಿಂದ ಮೊದಲು, "ಇದು ನಿಮಗೆ ಯಾವ ವಾಕ್ಯದಲ್ಲಿ ಕಂಡಿತು?" ಎಂದು ಕೇಳಿ. ಅರ್ಧ ತೊಡಕು ಅಲ್ಲೇ ಬಿಡಿಸಿಕೊಳ್ಳುತ್ತದೆ. ಉಳಿದುದನ್ನು ಮುಚ್ಚುಮರೆಯಿಲ್ಲದೆ, "ಧರ್ಮಸಭೆ ಹೀಗೆ ಬೋಧಿಸುತ್ತದೆ" ಎಂದು ಹೇಳಿ. ನಿಮಗೆ ತಿಳಿಯದಿದ್ದರೆ ಗುರುಗಳನ್ನು ಕೇಳಿ ಮುಂದಿನ ಕೂಟದಲ್ಲಿ ತಿಳಿಸಿ.

ಮುಂದಿನ ಸರದಿ ನಿಮ್ಮದಾಗಿದ್ದರೆ ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ನಿಮ್ಮ ಪ್ರಶ್ನೆ ಬರೆದು, ಅದನ್ನು ನಿಮ್ಮನ್ನೇ ಕೇಳಿಕೊಳ್ಳಿ. ಬೈಬಲ್ ತೆರೆಯದೆ ಉತ್ತರ ಹೊಳೆದರೆ, ಅಥವಾ ಬರೆಯುವಾಗ ಯಾರದಾದರೂ ಮುಖ ಕಣ್ಣ ಮುಂದೆ ಬಂದಿದ್ದರೆ, ಆ ಚೀಟಿ ಹರಿದು ಇನ್ನೊಂದು ಬರೆಯಿರಿ.